ಕನಿಷ್ಠ ಕೂಲಿ ಏರಿದಾಗ ಕೆಲಸಗಾರರ ಕೈಗೆ ನಿಜವಾಗಿ ಎಷ್ಟು ಸೇರುತ್ತದೆ?

ಒಬ್ಬ ಕೆಲಸಗಾರ್ತಿಗೆ ಗಂಟೆಗೆ 100 ಸಿಗುತ್ತಿತ್ತು ಅಂದುಕೊಳ್ಳಿ. ಯಾವ ದೇಶದ ದುಡ್ಡಾದರೂ ಸರಿ. ಸರ್ಕಾರ ಕನಿಷ್ಠ ಕೂಲಿಯನ್ನು 110ಕ್ಕೆ ಏರಿಸಿತು. ಹಾಗಾದರೆ ತಿಂಗಳ ಕೊನೆಗೆ ಅವಳ ಮನೆಗೆ ನೂರಕ್ಕೆ ಹತ್ತರಷ್ಟು ಜಾಸ್ತಿ ಹಣ ಬರುತ್ತದಾ?

ಬರಬಹುದು, ಬರದೆಯೂ ಇರಬಹುದು. ಮಾಲೀಕ ಅವಳ ಪಾಳಿಯಲ್ಲಿ ಒಂದು ಗಂಟೆ ಕಡಿತ ಮಾಡಬಹುದು. ಸಂಬಳ ಏರಿತೆಂದು ಅವಳಿಗೆ ಸಿಗುತ್ತಿದ್ದ ಸರ್ಕಾರಿ ನೆರವು ಇಳಿಯಬಹುದು. ಪುಸ್ತಕದಲ್ಲಿ 110 ಎಂದು ಬರೆದು, ಸಹಿ ಹಾಕಿಸಿಕೊಂಡು, ಕೈಗೆ 95 ಕೊಡುವವರೂ ಇದ್ದಾರೆ. ಕನಿಷ್ಠ ಕೂಲಿಯ ಚರ್ಚೆ ಸಾಮಾನ್ಯವಾಗಿ "ಏರಿಸಬೇಕಾ, ಬೇಡವಾ" ಎಂಬಲ್ಲಿಗೇ ನಿಂತುಬಿಡುತ್ತದೆ. ಆ ಹೆಚ್ಚುವರಿ 10 ಯಾರ ಜೇಬಿನಿಂದ ಬರುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತದೆ, ಕೊನೆಗೆ ಎಷ್ಟು ಉಳಿಯುತ್ತದೆ ಎಂದು ನೋಡಿದರೆ ಮಾತ್ರ ಕಡಿಮೆ ಸಂಬಳದವರಿಗೆ ಯಾವ ನೆರವು ತಲುಪುತ್ತದೆ ಎಂಬುದು ತಿಳಿಯುತ್ತದೆ.

ಈ ಕಾನೂನಿಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. 1894ರಲ್ಲಿ ನ್ಯೂಜಿಲೆಂಡ್, ಮಾಲೀಕರು ಮತ್ತು ಕೆಲಸಗಾರರ ನಡುವಿನ ತಕರಾರು ಬಗೆಹರಿಸುವ ನ್ಯಾಯಮಂಡಳಿಗೆ ಕೂಲಿ ನಿಗದಿ ಮಾಡುವ ಅಧಿಕಾರವನ್ನೂ ಕೊಟ್ಟಿತು. 1896ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಕೆಲವು ಕಸುಬುಗಳಿಗೆ ಕೂಲಿ ಮಂಡಳಿಗಳನ್ನು ಮಾಡಿತು. ಬ್ರಿಟನ್ 1909ರಲ್ಲಿ ಅದೇ ದಾರಿ ಹಿಡಿಯಿತು. ಅಮೆರಿಕ 1938ರಲ್ಲಿ ಗಂಟೆಗೆ 25 ಸೆಂಟ್ ಎಂದು ದೇಶಮಟ್ಟದಲ್ಲಿ ಗೊತ್ತುಮಾಡಿತು. ಇವತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸದಸ್ಯ ದೇಶಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ದೇಶಗಳಲ್ಲಿ ಯಾವುದಾದರೂ ರೂಪದಲ್ಲಿ ಕನಿಷ್ಠ ಕೂಲಿ ಇದೆ. ಶುರುವಿನಲ್ಲಿ ಇದರ ಉದ್ದೇಶ ಬಡತನ ನಿವಾರಣೆಗಿಂತ ಚಿಕ್ಕದಾಗಿತ್ತು. ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ಬಟ್ಟೆ ಹೊಲಿಯುವ, ರಟ್ಟಿನ ಪೆಟ್ಟಿಗೆ ಅಂಟಿಸುವ ಹೆಂಗಸರಿಗೆ ಸಂಘ ಕಟ್ಟುವ ಬಲವೂ ಇರಲಿಲ್ಲ, ಚೌಕಾಸಿ ಮಾಡುವ ಧೈರ್ಯವೂ ಇರಲಿಲ್ಲ. ಅವರ ಪರವಾಗಿ ಕಾನೂನು ಚೌಕಾಸಿಗೆ ಕೂತಿತು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಹನ್ನೊಂದನೇ ಕೆಲಸಗಾರ್ತಿಯ ಲೆಕ್ಕ

"ಯಾವುದೇ ವಸ್ತುವಿನ ಬೆಲೆ ಏರಿದರೆ ಜನ ಅದನ್ನು ಕಡಿಮೆ ಕೊಳ್ಳುತ್ತಾರೆ. ಕೂಲಿ ಏರಿದರೆ ಮಾಲೀಕರು ಕಡಿಮೆ ಜನರನ್ನು ಇಟ್ಟುಕೊಳ್ಳುತ್ತಾರೆ." ಬಹಳ ಕಾಲ ಅರ್ಥಶಾಸ್ತ್ರದ ಪಾಠ ಇದೇ ಆಗಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ ಇದರ ಅಡಿಯಲ್ಲಿ ಒಂದು ಊಹೆ ಇದೆ: ಕೂಲಿಯನ್ನು ಯಾವ ಮಾಲೀಕನೂ ತಾನಾಗಿ ಗೊತ್ತುಮಾಡಲಾರ, ಒಂದು ಪೈಸೆ ಕಡಿಮೆ ಕೊಟ್ಟರೂ ಕೆಲಸಗಾರರು ಪಕ್ಕದ ಕಡೆಗೆ ಹೋಗಿಬಿಡುತ್ತಾರೆ ಎಂಬುದು. ನಿಜ ಜೀವನದಲ್ಲಿ ಹಾಗಿರುವುದಿಲ್ಲ ಅಲ್ವಾ? ಕೆಲಸ ಹುಡುಕಲು ಸಮಯ ಬೇಕು, ಬಸ್ಸಿನ ಖರ್ಚು ಬೇಕು, ಮಕ್ಕಳನ್ನು ಸ್ಕೂಲಿಂದ ಕರೆತರುವ ಹೊತ್ತಿಗೆ ಹೊಂದಬೇಕು. ಮಾಲೀಕ ಸ್ವಲ್ಪ ಕಡಿಮೆ ಕೊಟ್ಟರೂ ಹೆಚ್ಚಿನವರು ಅಲ್ಲೇ ಉಳಿಯುತ್ತಾರೆ. ಹೀಗೆ ಕೂಲಿ ಕೊಡುವವನ ಕೈ ಮೇಲಾಗಿರುವ ಸ್ಥಿತಿಗೆ ಮೊನಾಪ್ಸನಿ ಎಂಬ ಹೆಸರನ್ನು ಬಳಕೆಗೆ ತಂದವರು ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್‌ಸನ್, 1933ರಲ್ಲಿ.

ಇದನ್ನು ಅಂಕಿಗಳಲ್ಲೇ ನೋಡೋಣ. ಒಂದು ಕಡೆ 10 ಜನ ಗಂಟೆಗೆ 100ರಂತೆ ದುಡಿಯುತ್ತಿದ್ದಾರೆ. ಹನ್ನೊಂದನೆಯವಳು ಬೇಕು, ಆದರೆ ಅವಳು 105ಕ್ಕಿಂತ ಕಡಿಮೆಗೆ ಬರುವುದಿಲ್ಲ. ಹೊಸಬಳಿಗೆ 105 ಕೊಟ್ಟು ಹಳಬರಿಗೆ 100 ಕೊಡಲು ಆಗುವುದಿಲ್ಲ. ಎಲ್ಲರಿಗೂ 5 ಏರಿಸಬೇಕು, ಅಂದರೆ ಹಳಬರಿಗೇ ಇನ್ನೂ 50. ಹಾಗಾಗಿ ಹನ್ನೊಂದನೆಯವಳಿಂದ ಮಾಲೀಕನಿಗೆ ಬೀಳುವ ಖರ್ಚು ಗಂಟೆಗೆ 155. ಅವಳ ದುಡಿಮೆಯಿಂದ ಬರುವುದು 130 ಎಂದಾದರೆ ಅವನು ಸುಮ್ಮನಾಗುತ್ತಾನೆ, ಆ ಕೆಲಸ ಖಾಲಿಯೇ ಉಳಿಯುತ್ತದೆ.

ಈಗ ಕಾನೂನು ಎಲ್ಲರಿಗೂ 105 ಎಂದು ಗೊತ್ತುಮಾಡಿತು. ಹಳಬರಿಗೆ 105 ಕೊಡುವುದು ಹೇಗೂ ತಪ್ಪಿದ್ದಲ್ಲ. ಹನ್ನೊಂದನೆಯವಳಿಂದ ಈಗ ಬೀಳುವ ಖರ್ಚು ಬರೀ 105. ಅವಳಿಂದ ಬರುವುದು 130. ಅವಳನ್ನು ಕರೆದುಕೊಳ್ಳುವುದೇ ಲಾಭ. ಕೂಲಿಯೂ ಏರಿತು, ಕೆಲಸವೂ ಏರಿತು. ಅದೇ ಕಾನೂನು 140 ಎಂದರೆ? ಆಗ ಬರುವುದಕ್ಕಿಂತ ಕೊಡುವುದೇ ಜಾಸ್ತಿ, ಹಳಬರಲ್ಲೂ ಕೆಲವರು ಕೆಲಸ ಕಳೆದುಕೊಳ್ಳುತ್ತಾರೆ. ಒಂದೇ ಕಾನೂನು ಒಂದು ಎತ್ತರದಲ್ಲಿ ಕೆಲಸ ಹುಟ್ಟಿಸುತ್ತದೆ, ಇನ್ನೊಂದು ಎತ್ತರದಲ್ಲಿ ಕೆಲಸ ಕಳೆಯುತ್ತದೆ. "ಕನಿಷ್ಠ ಕೂಲಿ ಒಳ್ಳೆಯದಾ ಕೆಟ್ಟದ್ದಾ" ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದು ಇದೇ ಕಾರಣಕ್ಕೆ. ಎಷ್ಟು ಎತ್ತರ, ಎಲ್ಲಿ ಎಂದು ಕೇಳಬೇಕು.

ಫೋನ್ ಮಾಡಿ ಕೇಳಿದ ಇಬ್ಬರು

1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಒಂದು ಪರೀಕ್ಷೆಯಾಗಿ ತೆಗೆದುಕೊಂಡರು. ನ್ಯೂಜೆರ್ಸಿ ಮತ್ತು ಪೂರ್ವ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ತಿಂಗಳುಗಳ ನಂತರ ಇನ್ನೊಮ್ಮೆ ಸಮೀಕ್ಷೆ ಮಾಡಿದರು. ಹೆಚ್ಚಿನವರನ್ನು ಫೋನ್ ಮಾಡಿಯೇ ಕೇಳಿದರು: ಪೂರ್ತಿ ಹೊತ್ತು ಎಷ್ಟು ಜನ, ಅರ್ಧ ಹೊತ್ತು ಎಷ್ಟು ಜನ, ಶುರುವಿನ ಕೂಲಿ ಎಷ್ಟು, ಒಂದು ಊಟದ ಬೆಲೆ ಎಷ್ಟು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. ಪಕ್ಕದ ರಾಜ್ಯಕ್ಕೆ ಹೋಲಿಸಿದರೆ ಸ್ವಲ್ಪ ಹೆಚ್ಚೇ ಆಗಿತ್ತು. ಊಟದ ಬೆಲೆ ಮಾತ್ರ ಏರಿತ್ತು.

1994ರಲ್ಲಿ ಇದು ಪ್ರಕಟವಾದಾಗ ದೊಡ್ಡ ಗಲಾಟೆಯೇ ಆಯಿತು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಸಂಬಳದ ದಾಖಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ, ಕೆಲಸ ಕಡಿಮೆಯಾಗಿದೆ ಎಂದರು. ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ಅಂಕಿಅಂಶ ಹಿಡಿದು 2000ದಲ್ಲಿ ಉತ್ತರ ಕೊಟ್ಟರು. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು. ಈ ನಡುವೆ, 1979ರಿಂದ 2016ರವರೆಗಿನ ಅಮೆರಿಕದ ರಾಜ್ಯಗಳ 138 ಏರಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2019ರಲ್ಲಿ ಬಂತು. ಹೊಸ ಮಿತಿಗಿಂತ ಕೆಳಗಿದ್ದ ಕೆಲಸಗಳು ಎಷ್ಟು ಮಾಯವಾದವೋ, ಮಿತಿಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಕೆಲಸಗಳು ಕಾಣಿಸಿಕೊಂಡಿದ್ದವು. ಅಂದರೆ ಕೆಲಸ ಹೋಗಿರಲಿಲ್ಲ, ಅದೇ ಕೆಲಸಕ್ಕೆ ಕೂಲಿ ಏರಿತ್ತು.

ಜರ್ಮನಿ 2015ರ ಜನವರಿ 1ರಂದು ಮೊದಲ ಬಾರಿಗೆ ಗಂಟೆಗೆ 8.50 ಯೂರೋ ಎಂದು ದೇಶವ್ಯಾಪಿ ಕನಿಷ್ಠ ಕೂಲಿ ತಂದಿತು. ಲಕ್ಷಗಟ್ಟಲೆ ಕೆಲಸ ಹೋಗುತ್ತದೆ ಎಂಬ ಎಚ್ಚರಿಕೆಗಳಿದ್ದವು. ಹಾಗೆ ಆಗಲಿಲ್ಲ. ಕಡಿಮೆ ಸಂಬಳದವರಲ್ಲಿ ಹಲವರು ಚಿಕ್ಕ, ಕಡಿಮೆ ಕೊಡುವ ಕಡೆಗಳಿಂದ ಹೆಚ್ಚು ಕೊಡುವ ಕಡೆಗೆ ಹೋಗಿದ್ದು ಕಂಡುಬಂತು.

ಇಷ್ಟು ಓದಿ "ಹಾಗಾದರೆ ಎಷ್ಟು ಬೇಕಾದರೂ ಏರಿಸಬಹುದು" ಎಂದುಕೊಳ್ಳುವುದು ಅಪಾಯ. ಶಾಂತಸಾಗರದ ನಡುವೆ ಅಮೆರಿಕನ್ ಸಮೋವಾ ಎಂಬ ದ್ವೀಪಗಳಿವೆ. ಅಲ್ಲಿನ ಖಾಸಗಿ ಉದ್ಯೋಗದ ಬೆನ್ನೆಲುಬು ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಎರಡು ಕಾರ್ಖಾನೆಗಳಾಗಿದ್ದವು. ಅಲ್ಲಿನ ಕೂಲಿ ಅಮೆರಿಕದ ಮುಖ್ಯ ನೆಲಕ್ಕಿಂತ ತುಂಬಾ ಕೆಳಗಿತ್ತು. 2007ರ ಕಾನೂನು ಅದನ್ನು ಮುಖ್ಯ ನೆಲದ ಮಟ್ಟ ಮುಟ್ಟುವವರೆಗೆ ವರ್ಷಕ್ಕೆ 50 ಸೆಂಟಿನಂತೆ ಏರಿಸಬೇಕು ಎಂದಿತು. 2009ರಲ್ಲಿ ಎರಡರಲ್ಲಿ ಒಂದು ಕಾರ್ಖಾನೆ ಬಾಗಿಲು ಹಾಕಿತು. ಕಡಿಮೆ ಕೂಲಿಯ ದೇಶಗಳ ಪೈಪೋಟಿಯೂ ಸೇರಿ ಕಾರಣಗಳು ಒಂದಕ್ಕಿಂತ ಹೆಚ್ಚಿದ್ದವು. ಆದರೂ ಮುಂದಿನ ಏರಿಕೆಗಳನ್ನು ಅಮೆರಿಕದ ಸಂಸತ್ತೇ ಮುಂದೂಡಬೇಕಾಯಿತು. ಒಂದು ಕಡೆ ಲೆಕ್ಕಕ್ಕೇ ಬಾರದ ಮೊತ್ತ ಇನ್ನೊಂದು ಕಡೆ ಇಡೀ ಊರಿನ ಅನ್ನಕ್ಕೇ ಕುತ್ತಾಗಬಹುದು.

ಹಾಗಾಗಿ ಕೂಲಿಯ ಎತ್ತರವನ್ನು ಡಾಲರ್, ಯೂರೋಗಳಲ್ಲಿ ಅಳೆಯುವುದಕ್ಕಿಂತ ಆ ಜಾಗದ ನಡುವಿನ ಕೂಲಿಗೆ ಹೋಲಿಸಿ ಅಳೆಯುತ್ತಾರೆ. ಎಲ್ಲ ಕೆಲಸಗಾರರನ್ನೂ ಕೂಲಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಕೂಲಿ ಅದು. ಯುರೋಪಿಯನ್ ಒಕ್ಕೂಟದ 2022ರ ನಿರ್ದೇಶನ ಇದರ ನೂರಕ್ಕೆ 60 ಭಾಗವನ್ನು ಒಂದು ಅಳತೆಗೋಲಾಗಿ ಸೂಚಿಸುತ್ತದೆ. ಬ್ರಿಟನ್ 1999ರಲ್ಲಿ 3.60 ಪೌಂಡಿನಿಂದ ಶುರುಮಾಡಿ, ನಡುವಿನ ಕೂಲಿಯ ಮೂರನೇ ಎರಡು ಭಾಗವನ್ನು ಗುರಿಯಾಗಿಟ್ಟುಕೊಂಡು ಹಂತಹಂತವಾಗಿ ಏರಿತು. 2025ರ ಏಪ್ರಿಲ್‌ಗೆ ಅದು 12.21 ಪೌಂಡ್. ಅಲ್ಲಿ ಎಷ್ಟು ಏರಿಸಬೇಕೆಂದು ಸಲಹೆ ಕೊಡುವ ಆಯೋಗದಲ್ಲಿ ಒಂಬತ್ತು ಜನ: ಮಾಲೀಕರ ಕಡೆಯಿಂದ ಮೂವರು, ಕೆಲಸಗಾರರ ಕಡೆಯಿಂದ ಮೂವರು, ಎರಡೂ ಕಡೆ ಸೇರದ ಮೂವರು. ಪ್ರತಿ ವರ್ಷ ಚಿಕ್ಕ ಹೆಜ್ಜೆ ಇಟ್ಟು, ಏನಾಯಿತೆಂದು ನೋಡಿ, ಮುಂದಿನ ಹೆಜ್ಜೆ. ನನ್ನ ಮಟ್ಟಿಗೆ ಇದು ತುಂಬಾ ಒಳ್ಳೆಯ ಪದ್ಧತಿ. ಇದಕ್ಕೆ ಪೂರ್ತಿ ಉಲ್ಟಾ ಅಮೆರಿಕದ ಕೇಂದ್ರ ಸರ್ಕಾರದ ದರ. 2009ರ ಜುಲೈನಲ್ಲಿ 7.25 ಡಾಲರ್ ಆದದ್ದು ಆಮೇಲೆ ಅಲುಗಿಲ್ಲ. ಬೆಲೆ ಏರುತ್ತಿರುವಾಗ ದರವನ್ನು ಹಾಗೇ ಬಿಟ್ಟರೆ ಅದು ಪ್ರತಿ ವರ್ಷವೂ ಕೂಲಿ ಕಡಿತವೇ. ಟಿಪ್ಸ್ ಸಿಗುವ ಕೆಲಸಗಳಲ್ಲಿ ಮಾಲೀಕ ನೇರವಾಗಿ ಕೊಡಬೇಕಾದ ದರವಂತೂ 1991ರಿಂದ 2.13 ಡಾಲರಿನಲ್ಲೇ ನಿಂತಿದೆ.

ದುಡ್ಡು ಕೊಡುವವರು ಯಾರು?

ಹೆಚ್ಚುವರಿ 10 ಎಲ್ಲಿಂದಲೋ ಬರಲೇಬೇಕು. ಹಂಗೇರಿ 2001 ಮತ್ತು 2002ರಲ್ಲಿ ಕನಿಷ್ಠ ಕೂಲಿಯನ್ನು ಸುಮಾರು ಎರಡು ಪಟ್ಟು ಮಾಡಿತು. ಅಷ್ಟು ದೊಡ್ಡ ಏರಿಕೆಯಾದ್ದರಿಂದ ಹಣದ ದಾರಿ ಸ್ಪಷ್ಟವಾಗಿ ಕಂಡಿತು. ಅದನ್ನು ಅಧ್ಯಯನ ಮಾಡಿದವರ ಪ್ರಕಾರ ಹೊರೆಯ ಸುಮಾರು ಮುಕ್ಕಾಲು ಪಾಲು ಬೆಲೆ ಏರಿಕೆಯಾಗಿ ಗಿರಾಕಿಗಳ ಮೇಲೆ ಬಿತ್ತು, ಕಾಲು ಪಾಲು ಮಾಲೀಕರ ಲಾಭದಿಂದ ಹೋಯಿತು. ಇದರ ಜೊತೆಗೆ ಒಂದಿಷ್ಟು ಉಳಿತಾಯವೂ ಇದೆ: ಕೂಲಿ ಚೆನ್ನಾಗಿದ್ದರೆ ಜನ ಪದೇ ಪದೇ ಕೆಲಸ ಬಿಡುವುದಿಲ್ಲ, ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಇಳಿಯುತ್ತದೆ.

ಗಿರಾಕಿಗಳಲ್ಲಿ ಬಡವರೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಗಿರಾಕಿಗಳು ಬೆಲೆ ತಡೆದುಕೊಳ್ಳುವ ಕಡೆ ಏರಿಕೆ ನಡೆಯುತ್ತದೆ. ಹೊರದೇಶದ ಪೈಪೋಟಿ ಇರುವ ಕಾರ್ಖಾನೆ ಬೆಲೆ ಏರಿಸಲಾರದು, ಅದು ಜನರನ್ನು ಕಡಿಮೆ ಮಾಡುತ್ತದೆ. ಸಮೋವಾದ ಮೀನಿನ ಡಬ್ಬಿಗೂ ನ್ಯೂಜೆರ್ಸಿಯ ಊಟಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಊಟವನ್ನು ಅಲ್ಲೇ ಮಾಡಿ ಬಡಿಸಬೇಕು. ಮೀನಿನ ಡಬ್ಬಿ ಎಲ್ಲಿಂದಲಾದರೂ ಬರಬಹುದು.

ಗಂಟೆಯ ಕೂಲಿ ಏರಿದರೂ ಮನೆಯ ಆದಾಯ ಏರದಿರುವುದು

ಕನಿಷ್ಠ ಕೂಲಿ ಲೆಕ್ಕ ಹಾಕುವುದು ಒಬ್ಬರ ಒಂದು ಗಂಟೆಗೆ. ಬಡತನ ಇರುವುದು ಒಂದು ಮನೆಯಲ್ಲಿ, ಒಂದು ತಿಂಗಳಿಗೆ. ಇವೆರಡರ ನಡುವೆ ಬಹಳ ಸಂಗತಿಗಳು ಬರುತ್ತವೆ. ವಾರಕ್ಕೆ 20 ಗಂಟೆ ಮಾತ್ರ ಕೆಲಸ ಸಿಗುವವಳಿಗೆ ಗಂಟೆಯ ದರ ಏರಿದರೂ ಮನೆ ನಡೆಯುವುದಿಲ್ಲ. ಕಾಯಿಲೆಯಿಂದ, ಮುಪ್ಪಿನಿಂದ ದುಡಿಯಲಾಗದವರಿಗೆ ಇದರಿಂದ ಏನೂ ಇಲ್ಲ. ಮೂರು ಮಕ್ಕಳನ್ನು ಒಬ್ಬಳೇ ಸಾಕುವ ತಾಯಿಗೂ, ಅಪ್ಪಅಮ್ಮನ ಮನೆಯಲ್ಲಿದ್ದು ಜೇಬುಖರ್ಚಿಗೆ ದುಡಿಯುವ ಹುಡುಗನಿಗೂ ಏರಿಕೆ ಒಂದೇ.

ಗಂಟೆಗಳ ಕಡಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೂಲಿ 100ರಿಂದ 110 ಆಗಿ, 100 ಗಂಟೆಯ ಕೆಲಸ 96ಕ್ಕೆ ಇಳಿದರೆ ಒಟ್ಟು 10,560. ಮುಂಚೆ 10,000. ಆಗಲೂ ಅವಳಿಗೆ ಲಾಭವೇ, ಜೊತೆಗೆ ನಾಲ್ಕು ಗಂಟೆ ಬಿಡುವು. ಆದರೆ ಆ ಇಳಿಕೆ ಎಲ್ಲರ ಮೇಲೆ ಸಮನಾಗಿ ಹಂಚಿಕೊಂಡರೆ ಮಾತ್ರ ಹೀಗೆ. 25 ಜನರಲ್ಲಿ 24 ಜನರ ಗಂಟೆ ಹಾಗೇ ಉಳಿದು ಒಬ್ಬರ ಕೆಲಸ ಪೂರ್ತಿ ಹೋದರೂ ಸರಾಸರಿ ಅದೇ 96. ಸರಾಸರಿ ನೋಡಿ ಸಮಾಧಾನ ಪಡುವವರು ಆ ಒಬ್ಬರನ್ನು ಮರೆಯುತ್ತಾರೆ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2019ರಲ್ಲಿ, 2025ರ ಹೊತ್ತಿಗೆ ಕನಿಷ್ಠ ಕೂಲಿಯನ್ನು 15 ಡಾಲರಿಗೆ ಏರಿಸಿದರೆ ಏನಾಗಬಹುದೆಂದು ಅಂದಾಜು ಮಾಡಿತ್ತು: 1 ಕೋಟಿ 70 ಲಕ್ಷ ಜನರ ಕೂಲಿ ನೇರವಾಗಿ ಏರುತ್ತದೆ, 13 ಲಕ್ಷ ಜನ ಬಡತನದಿಂದ ಮೇಲೆ ಬರುತ್ತಾರೆ, ಸುಮಾರು 13 ಲಕ್ಷ ಜನ ಕೆಲಸ ಕಳೆದುಕೊಳ್ಳಬಹುದು. ಆ ಕೊನೆಯವರಿಗೆ ಏನು ಮಾಡುತ್ತೀರಿ ಎಂಬುದಕ್ಕೂ ಉತ್ತರ ಇಟ್ಟುಕೊಂಡೇ ಏರಿಕೆಗೆ ಕೈ ಹಾಕಬೇಕು.

ಇನ್ನು ನೆರವಿನ ಕಡಿತ. ಬ್ರಿಟನ್ನಿನಲ್ಲಿ ಕಡಿಮೆ ಆದಾಯದವರಿಗೆ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿದೆ. ಕೈಗೆ ಬರುವ ಸಂಬಳ ಒಂದು ಮಿತಿ ದಾಟಿದ ಮೇಲೆ, ಪ್ರತಿ ಹೆಚ್ಚುವರಿ ಪೌಂಡಿಗೆ 55 ಪೆನ್ಸಿನಂತೆ ನೆರವು ಇಳಿಯುತ್ತದೆ. ಆದಾಯ ತೆರಿಗೆ ಕಟ್ಟುವಷ್ಟು ಸಂಬಳವಿದ್ದರೆ ಪೌಂಡಿನಲ್ಲಿ 20 ಪೆನ್ಸ್ ತೆರಿಗೆಗೆ, 8 ಪೆನ್ಸ್ ವಿಮೆಗೆ ಹೋಗಿ 72 ಉಳಿಯುತ್ತದೆ. ಅದರ ನೂರಕ್ಕೆ 55 ಭಾಗ ನೆರವಿನಲ್ಲಿ ಕಡಿತ. ಕೊನೆಗೆ ಉಳಿಯುವುದು ಸುಮಾರು 32 ಪೆನ್ಸ್. ಮಾಲೀಕ ಒಂದು ಪೌಂಡ್ ಜಾಸ್ತಿ ಕೊಟ್ಟ, ಅವಳ ಮನೆಗೆ ಬಂದದ್ದು ಮೂರನೇ ಒಂದು ಭಾಗ, ಉಳಿದದ್ದು ಸರ್ಕಾರದ ಬೊಕ್ಕಸಕ್ಕೆ. ಕೂಲಿ ಏರಿಸಿದೆವು ಎಂದು ಹೇಳಿಕೊಳ್ಳುವ ಸರ್ಕಾರ ಈ ಕಡಿತದ ದರವನ್ನೂ ಜೊತೆಗೇ ಇಳಿಸದಿದ್ದರೆ ಅವಳಿಗೆ ಅನ್ಯಾಯ ಮಾಡಿದಂತೆಯೇ ಎಂದು ನನ್ನ ನಂಬಿಕೆ.

ಹಾಗಾದರೆ ಸರ್ಕಾರವೇ ಕೊಟ್ಟುಬಿಟ್ಟರೆ?

ಕನಿಷ್ಠ ಕೂಲಿಯನ್ನು ವಿರೋಧಿಸುವವರು ಸಾಮಾನ್ಯವಾಗಿ ತೋರಿಸುವ ದಾರಿ ಇದು. ಕೂಲಿ ಎಷ್ಟಾದರೂ ಇರಲಿ, ಮನೆಯ ಆದಾಯ ಕಡಿಮೆ ಇದ್ದರೆ ಸರ್ಕಾರ ತುಂಬಿಕೊಡಲಿ. ಅಮೆರಿಕದಲ್ಲಿ 1975ರಿಂದ ಇರುವ ದುಡಿಮೆಯ ಆದಾಯದ ತೆರಿಗೆ ರಿಯಾಯಿತಿ ಇಂಥದ್ದೇ. ಇಬ್ಬರು ಮಕ್ಕಳಿರುವ ಮನೆಗೆ ಮೊದಮೊದಲು ದುಡಿದ ಪ್ರತಿ ಡಾಲರಿಗೆ 40 ಸೆಂಟ್ ಸೇರಿಸಿ ಕೊಡುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಹಣ ಬರುತ್ತದೆ. ಎರಡು ಕೋಟಿಗೂ ಹೆಚ್ಚು ಮನೆಗಳಿಗೆ ಇದು ತಲುಪುತ್ತದೆ, ಬಡತನ ಇಳಿಸಿದ್ದರಲ್ಲಿ ಇದರ ಪಾಲು ದೊಡ್ಡದು.

ಇದರಲ್ಲೂ ತೂತುಗಳಿವೆ. ಹಣ ವರ್ಷಕ್ಕೊಮ್ಮೆ ಬರುತ್ತದೆ, ಬಾಡಿಗೆ ಪ್ರತಿ ತಿಂಗಳು ಕಟ್ಟಬೇಕು. ಮಕ್ಕಳಿಲ್ಲದವರಿಗೆ ಸಿಗುವುದು ಅತಿ ಕಡಿಮೆ. ಅರ್ಹರಲ್ಲಿ ಸುಮಾರು ಐದರಲ್ಲಿ ಒಬ್ಬರು ಅರ್ಜಿಯನ್ನೇ ಹಾಕುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೂತು ಇನ್ನೊಂದು. ಸರ್ಕಾರ ತುಂಬಿಕೊಡುತ್ತದೆ ಎಂದಾಗ ಹೆಚ್ಚು ಜನ ಕೆಲಸಕ್ಕೆ ಬರುತ್ತಾರೆ, ಆಗ ಮಾಲೀಕ ಕೂಲಿಯನ್ನು ಸ್ವಲ್ಪ ಕೆಳಗಿಟ್ಟರೂ ಜನ ಸಿಗುತ್ತಾರೆ. ಕೆಲಸಗಾರ್ತಿಗೆಂದು ಕೊಟ್ಟದ್ದರಲ್ಲಿ ಒಂದು ಪಾಲು ಮಾಲೀಕನ ಜೇಬಿಗೆ ಹೋಗುತ್ತದೆ.

ಈ ಆತಂಕ ಹಳೆಯದು. 1795ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿದ ನ್ಯಾಯಾಧಿಕಾರಿಗಳು, ಬ್ರೆಡ್ಡಿನ ಬೆಲೆ ಮತ್ತು ಮನೆಮಂದಿಯ ಸಂಖ್ಯೆ ನೋಡಿ ಕೂಲಿಗೆ ಸೇರಿಸಿ ಕೊಡುವ ಪದ್ಧತಿ ತಂದರು. ಜಮೀನುದಾರರು ಇದನ್ನೇ ನೆಚ್ಚಿಕೊಂಡು ಕೂಲಿ ಇಳಿಸಿದರು ಎಂಬ ದೂರು ಬಂತು. ಎಷ್ಟು ಇಳಿಸಿದರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಜಗಳವಿದೆ.

ನೆರವಿನ ಕೆಳಗೆ ಒಂದು ನೆಲ ಇದ್ದರೆ ಮಾಲೀಕ ಅದಕ್ಕಿಂತ ಕೆಳಗೆ ಇಳಿಸಲಾರ. ಕನಿಷ್ಠ ಕೂಲಿ ಆ ನೆಲ. ನೆಲವನ್ನು ಕೆಲಸ ಕಳೆಯದಷ್ಟು ಎತ್ತರದಲ್ಲಿಟ್ಟು, ಮನೆಗೆ ಇನ್ನೂ ಬೇಕಾದ್ದನ್ನು ತೆರಿಗೆಯ ಹಣದಿಂದ ತುಂಬಬಹುದು. ಕೂಲಿ ಏರಿದ್ದರಿಂದ ಸರ್ಕಾರದ ಮೇಲಿನ ಭಾರವೂ ಇಳಿಯುತ್ತದೆ. ಎರಡನ್ನೂ ಎದುರಾಳಿಗಳಂತೆ ನಿಲ್ಲಿಸಿ "ಇದಾ, ಅದಾ" ಎಂದು ಕೇಳುವುದರಲ್ಲಿ ಹುರುಳಿಲ್ಲ. ಒಂದಿಲ್ಲದೆ ಇನ್ನೊಂದು ಸೋರುತ್ತದೆ.

ಬೇರೆ ದಾರಿಗಳೂ ಇವೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ದೇಶಕ್ಕೆಲ್ಲ ಒಂದೇ ಎಂಬ ಕನಿಷ್ಠ ಕೂಲಿಯ ಕಾನೂನೇ ಇಲ್ಲ. ಅಲ್ಲಿ ಸಂಘಗಳು ಮತ್ತು ಮಾಲೀಕರ ಒಕ್ಕೂಟಗಳು ಕೂತು ಆಯಾ ಕಸುಬಿನ ಕೂಲಿ ಗೊತ್ತುಮಾಡುತ್ತವೆ. ಸಂಘಗಳು ಬಲವಾಗಿರುವ ಕಡೆ ಇದಕ್ಕಿಂತ ಒಳ್ಳೆಯದು ಇಲ್ಲ. ಹಾಗಿಲ್ಲದ ಕಡೆ ಅದನ್ನು ನಕಲು ಮಾಡಲು ಹೋದರೆ ಕೆಲಸಗಾರರ ಕೈ ಬರಿದಾಗುತ್ತದೆ. ಬಹುಪಾಲು ಜನ ಯಾವ ದಾಖಲೆಯೂ ಇಲ್ಲದೆ ದುಡಿಯುವ ದೇಶಗಳಲ್ಲಿ ಉದ್ಯೋಗ ಖಾತರಿ ಇನ್ನೊಂದು ದಾರಿ. ಹಿಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಖಾತರಿ ಯೋಜನೆಯ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸರಿಯಾಗಿ ಕೊಡಲು ಶುರುಮಾಡಿದಾಗ ನಡೆದ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬಡ ಮನೆಗಳ ಆದಾಯ ಏರಿತು, ಆದರೆ ಏರಿಕೆಯ ಹೆಚ್ಚಿನ ಪಾಲು ಬಂದದ್ದು ಯೋಜನೆಯಿಂದ ಅಲ್ಲ, ಖಾಸಗಿ ಕೆಲಸದಿಂದ. "ಇಲ್ಲಿ ಬೇಡವಾದರೆ ಅಲ್ಲಿ ಕೆಲಸವಿದೆ" ಎಂದು ಹೇಳುವ ಬಲ ಬಂದಾಗ ಜಮೀನಿನವರೂ ಕೂಲಿ ಏರಿಸಲೇಬೇಕಾಯಿತು.

ಕಾಗದದ ಮೇಲಿನ 110

1909ರ ಬ್ರಿಟಿಷ್ ಕಾನೂನಿನಡಿ ಕ್ರಾಡ್ಲಿ ಹೀತ್ ಎಂಬ ಊರಿನ ಸರಪಳಿ ಮಾಡುವ ಹೆಂಗಸರಿಗೆ ಗಂಟೆಗೆ ಎರಡೂವರೆ ಪೆನ್ಸ್ ಗೊತ್ತಾಯಿತು. ಅದು ಅವರಲ್ಲಿ ಹಲವರಿಗೆ ಸಿಗುತ್ತಿದ್ದದ್ದರ ಸುಮಾರು ಎರಡರಷ್ಟು. ಕಾನೂನಿನಲ್ಲಿ ಒಂದು ಕಿಂಡಿ ಇತ್ತು: ಕೆಲಸಗಾರರೇ ಒಪ್ಪಿದರೆ ಕೆಲವು ತಿಂಗಳು ಹಳೆಯ ದರವನ್ನೇ ಮುಂದುವರಿಸಬಹುದು. ಮಾಲೀಕರು ಓದು ಬಾರದ ಹೆಂಗಸರಿಂದ ಆ ಕಾಗದಗಳ ಮೇಲೆ ಗುರುತು ಹಾಕಿಸಿಕೊಂಡರು. 1910ರಲ್ಲಿ ಮೇರಿ ಮೆಕಾರ್ಥರ್ ಮುಂದಾಳತ್ವದಲ್ಲಿ ಅವರು ಸುಮಾರು ಹತ್ತು ವಾರ ಮುಷ್ಕರ ಹೂಡಿ, ಕಾನೂನು ಆಗಲೇ ಕೊಟ್ಟಿದ್ದ ಕೂಲಿಯನ್ನು ಗೆದ್ದುಕೊಳ್ಳಬೇಕಾಯಿತು.

ಇವತ್ತು ಆ ಕಾಗದದ ರೂಪ ಬದಲಾಗಿದೆ ಅಷ್ಟೆ. ಕೆಲಸಗಾರರನ್ನು "ಸ್ವತಂತ್ರ ಗುತ್ತಿಗೆದಾರ" ಎಂದು ಬರೆಸಿಕೊಳ್ಳುವುದು, ಸಮವಸ್ತ್ರದ ಖರ್ಚು ಮುರಿದುಕೊಳ್ಳುವುದು, ಕೆಲಸ ಮುಗಿದ ಮೇಲೆ ಗುಡಿಸಿ ಒರೆಸುವ ಅರ್ಧ ಗಂಟೆಯನ್ನು ಹಾಜರಿಯಲ್ಲಿ ಸೇರಿಸದಿರುವುದು. ಮನೆಗೆಲಸದವರ ಸ್ಥಿತಿ ಇನ್ನೂ ಕಷ್ಟ. ದಕ್ಷಿಣ ಆಫ್ರಿಕಾ 2019ರಲ್ಲಿ ಗಂಟೆಗೆ 20 ರ‍್ಯಾಂಡ್ ಎಂದು ದೇಶಕ್ಕೆಲ್ಲ ಗೊತ್ತುಮಾಡಿದಾಗ ಮನೆಗೆಲಸದವರಿಗೆ 15 ಮಾತ್ರ ಸಾಕು ಎಂದಿತ್ತು. ಅವರು ಉಳಿದವರಿಗೆ ಸಮನಾದದ್ದು 2022ರಲ್ಲಿ. ಮನೆಯೊಳಗೆ ಹೋಗಿ ತಪಾಸಣೆ ಮಾಡುವುದು ಯಾವ ದೇಶದಲ್ಲೂ ಸುಲಭವಿಲ್ಲ.

ಇದಕ್ಕೆ ಮದ್ದು ಗೊತ್ತಿರುವುದೇ. ಸಂಬಳದ ಚೀಟಿ ಕಡ್ಡಾಯ ಮಾಡಬೇಕು. ಸರಿಯಾಗಿ ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನ ಮೇಲಿರಬೇಕು. ಕಂಟ್ರಾಕ್ಟರ್ ಕೊಡದಿದ್ದರೆ ಅವನಿಂದ ಕೆಲಸ ಮಾಡಿಸಿಕೊಂಡ ದೊಡ್ಡ ಕಂಪನಿ ಕೊಡಬೇಕು. ಹೆಸರು ಹೇಳದೆ ದೂರು ಕೊಡಲು ದಾರಿ ಬೇಕು. ಅದಕ್ಕಿಂತ ಮುಖ್ಯ ದಂಡದ ಲೆಕ್ಕ. ಬ್ರಿಟನ್ನಿನಲ್ಲಿ ಬಾಕಿ ಉಳಿಸಿಕೊಂಡ ಕೂಲಿಯ ಎರಡು ಪಟ್ಟಿನವರೆಗೆ ದಂಡವಿದೆ. ಕೇಳಲು ಕಠಿಣ ಅನ್ನಿಸುತ್ತದೆ. ಆದರೆ ಸಿಕ್ಕಿಬೀಳುವುದು ಇಪ್ಪತ್ತರಲ್ಲಿ ಒಂದು ಸಲ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಲ 15ರಂತೆ ಮುರಿದುಕೊಂಡವನ ಬಳಿ 300 ಸೇರಿತು. ಒಂದು ಸಲ ಸಿಕ್ಕಿಬಿದ್ದಾಗ ಅವನು ತಿರುಗಿ ಕೊಡುವುದು ಬಾಕಿ 15, ದಂಡ 30, ಒಟ್ಟು 45. ಉಳಿದ 255 ಅವನದೇ. ಹಾಗಾಗಿ ಎಲ್ಲೇ ಕನಿಷ್ಠ ಕೂಲಿ ಏರಿಕೆಯ ಸುದ್ದಿ ಬಂದರೂ ನಾನು ಹೊಸ ದರದ ಜೊತೆಗೆ ಎಷ್ಟು ಹೊಸ ತಪಾಸಣೆ ಅಧಿಕಾರಿಗಳನ್ನು ನೇಮಿಸಿದ್ದಾರೆ, ಹಿಂದಿನ ಬಾಕಿಯನ್ನು ಎಷ್ಟು ವರ್ಷ ಹಿಂದಕ್ಕೆ ಹೋಗಿ ವಸೂಲಿ ಮಾಡುತ್ತಾರೆ ಎಂಬುದನ್ನೂ ಹುಡುಕುತ್ತೇನೆ.